ಬಾವುಟಗುಡ್ಡೆಯ ರಸ್ತೆ ಮತ್ತು ನಮ್ಮ ಋಣ

ಪ್ರತಿವರ್ಷ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯ ಸಿಮೆತ್ರಿಯಲ್ಲಿ ನಮ್ಮ ಜನ ಸೇರುತ್ತಾರೆ. ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಅಗಲಿದವರ ಆತ್ಮಶಾಂತಿಗಾಗಿ ಪ್ರಾರ್ಥಿಸುತ್ತಾರೆ. ಅಜ್ಜ, ಅಜ್ಜಿ, ತಂದೆ, ತಾಯಿ ಎಂದು ಎರಡು ಮೂರು ತಲೆಮಾರುಗಳ ಹೆಸರನ್ನು ನೆನೆಯುವುದು ನಮಗೆ ಅಭ್ಯಾಸವಾಗಿದೆ. ಪ್ರಾರ್ಥನೆ ಮುಗಿಸಿ ಹೊರಬಂದರೆ ಹಂಪನಕಟ್ಟೆಯ ಜನಜಂಗುಳಿ. ಅಲ್ಲಿಂದ ಒಂದು ರಸ್ತೆ ಬಾವುಟಗುಡ್ಡೆಯತ್ತ ಏರುತ್ತದೆ. ಲೈಟ್‌ಹೌಸ್ ಹಿಲ್ ರಸ್ತೆ ಎಂದೇ ಅದು ಬಹುಕಾಲದಿಂದ ಪರಿಚಿತ. ನಡೆದು ಹೋದರೆ ಕಾಲು ಗಂಟೆಯ ದಾರಿ. ಆದರೆ ನಮ್ಮ ಸಮುದಾಯದ ಮೂರು ಶತಮಾನಗಳಿಗೂ ಮಿಕ್ಕಿದ ಕಥೆ ಈ ಕಾಲು ಗಂಟೆಯ ದಾರಿಯಲ್ಲಿ ಅಡಗಿದೆ.

ಈ ದಾರಿಯಲ್ಲಿ ಶಾಲೆ ಕಾಲೇಜಿಗೆ ಹೋಗಿ ಬಂದವರು ನಮ್ಮಲ್ಲಿ ಸಾವಿರಾರು ಮಂದಿ. ಇಲ್ಲಿನ ಕಟ್ಟಡಗಳನ್ನು ತೋರಿಸಿ "ಇದು ನಮ್ಮವರು ಕಟ್ಟಿದ್ದು" ಎಂದು ಮಕ್ಕಳಿಗೆ ಹೇಳುವಾಗ ನಮ್ಮ ದನಿಯಲ್ಲಿ ಸಹಜವಾಗಿಯೇ ಒಂದಿಷ್ಟು ಹೆಮ್ಮೆ ಇಣುಕುತ್ತದೆ. ಆ ಹೆಮ್ಮೆ ತಪ್ಪಲ್ಲ. ಆದರೆ ಅದರ ಜೊತೆಗೆ ಹೇಳಬೇಕಾದ ಇನ್ನೊಂದು ಮಾತನ್ನು ನಾವು ಹೇಳುತ್ತಿಲ್ಲ ಎಂಬುದು ನಮ್ಮ ಕಳವಳ. ಈ ಬೀದಿಯಲ್ಲಿ ನಮ್ಮದೆಂದು ನಾವು ತೋರಿಸುವುದರಲ್ಲಿ ಬಹುಪಾಲು ಇತರರು ಕೊಟ್ಟದ್ದು, ಇಲ್ಲವೇ ಇತರರ ಜೊತೆಗೂಡಿ ಆದದ್ದು. ಕೊಟ್ಟವರ ಹೆಸರನ್ನು ಮರೆತು ಕಟ್ಟಡವನ್ನಷ್ಟೇ ಉಳಿಸಿಕೊಂಡರೆ ನಮಗೆ ಉಳಿಯುವುದು ಕಲ್ಲು ಗಾರೆ ಮಾತ್ರ.

ಮೊದಲು ಹಂಪನಕಟ್ಟೆಯ ಹೆಸರನ್ನೇ ನೋಡೋಣ. ಅಪ್ಪಣ್ಣ ಎಂಬೊಬ್ಬರು ಇಲ್ಲಿನ ಬಾವಿಯ ಬಳಿಯ ಕಟ್ಟೆಯಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದರು, ಅಪ್ಪಣ್ಣನ ಕಟ್ಟೆಯೇ ಕ್ರಮೇಣ ಹಂಪನಕಟ್ಟೆಯಾಯಿತು ಎಂಬುದು ಊರಿನಲ್ಲಿ ಹಿರಿಯರಿಂದ ಕೇಳಿಬಂದ ಮಾತು. 2021ರಲ್ಲಿ ರಸ್ತೆಯ ಕಾಮಗಾರಿಗಾಗಿ ನೆಲ ಅಗೆದಾಗ ಇಲ್ಲಿ ಹಳೆಯ ಬಾವಿಯೊಂದು ಕಾಣಿಸಿಕೊಂಡಿತು. ಎಷ್ಟೋ ವರ್ಷ ಆ ಬಾವಿಯ ಮೇಲೆಯೇ ನಾವೆಲ್ಲ ನಡೆದಾಡಿದ್ದೆವು, ವಾಹನಗಳಲ್ಲಿ ಓಡಾಡಿದ್ದೆವು. ಕಾಲಡಿಯಲ್ಲಿ ಬಾವಿಯಿದೆ ಎಂಬ ಅರಿವು ನಮ್ಮಲ್ಲಿ ಎಷ್ಟು ಮಂದಿಗೆ ಇತ್ತು? ಬಾಯಾರಿದವರಿಗೆ ನೀರು ಕೊಟ್ಟ ಒಬ್ಬ ಸಾಮಾನ್ಯ ಮನುಷ್ಯನ ಹೆಸರು ನಗರದ ಹೃದಯಭಾಗಕ್ಕೆ ಉಳಿದಿದೆ. ಒಂದು ಲೋಟ ತಣ್ಣೀರಿನ ಪ್ರತಿಫಲದ ಬಗ್ಗೆ ಶುಭಸಂದೇಶದಲ್ಲಿ ಓದುವ ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಇನ್ನು ಮಿಲಾಗ್ರಿಸ್ ಇಗರ್ಜಿಯ ವಿಷಯ. ಇದರ ಸ್ಥಾಪನೆಯಾದದ್ದು 1680ರಲ್ಲಿ. ಸ್ಥಾಪಿಸಿದವರು ಗೋವೆಯ ದಿವಾಡಿ ದ್ವೀಪದವರಾದ ಬಿಷಪ್ ತೋಮಸ್ ದೆ ಕಾಸ್ತ್ರೊ. ಅವರು ತಿಯಾತಿನ್ ಸಭೆಗೆ ಸೇರಿದವರು. ಆಗ ಈ ಪ್ರದೇಶ ಕೆಳದಿಯ ಅರಸರ ಆಳ್ವಿಕೆಯಲ್ಲಿತ್ತು. ಸಿಂಹಾಸನದಲ್ಲಿ ರಾಣಿ ಚೆನ್ನಮ್ಮಾಜಿ ಇದ್ದರು. ಇಗರ್ಜಿಯ ನೆಲ ಆ ರಾಣಿಯ ಕೊಡುಗೆ. ವೀರಶೈವ ಮನೆತನದ ರಾಣಿ, ದೂರದಿಂದ ಬಂದ ಕ್ರೈಸ್ತ ಧರ್ಮಾಧ್ಯಕ್ಷರಿಗೆ ದೇವಾಲಯ ಕಟ್ಟಲು ಭೂಮಿ ನೀಡಿದರು ಎಂಬುದು ನಮ್ಮ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಇದೆ. ಶಿವಾಜಿಯ ಮಗ ರಾಜಾರಾಮನು ಮೊಗಲರಿಂದ ತಪ್ಪಿಸಿಕೊಂಡು ಬಂದಾಗ ಆಶ್ರಯ ಕೊಟ್ಟು, ಔರಂಗಜೇಬನ ಸೇನೆಯನ್ನು ಎದುರಿಸಿದ ರಾಣಿಯೂ ಇವರೇ. ಶಾಲೆಯ ಪಾಠದಲ್ಲಿ ಈ ಎರಡನೆಯ ಸಂಗತಿಯನ್ನು ನಮ್ಮ ಮಕ್ಕಳು ಕಲಿಯುತ್ತಾರೆ. ಮೊದಲನೆಯ ಸಂಗತಿಯನ್ನು ಹೇಳಿಕೊಡಬೇಕಾದವರು ನಾವು. ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಅದನ್ನು ಎಷ್ಟು ಬಾರಿ ಹೇಳಿದ್ದೇವೆ?

ಬಿಷಪ್ ದೆ ಕಾಸ್ತ್ರೊ 1684ರಲ್ಲಿ ದೈವಾಧೀನರಾದರು. ಅವರ ಸಮಾಧಿ ಅದೇ ಸಿಮೆತ್ರಿಯಲ್ಲಿದೆ. ಅವರ ಕಾಲದ ಇಗರ್ಜಿ ಇದ್ದದ್ದು ಈಗಿನ ಸ್ಥಳದಲ್ಲಲ್ಲ, ಸಿಮೆತ್ರಿಯ ಜಾಗದಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಇಗರ್ಜಿಗಳು ನೆಲಸಮವಾದವು. ಮಿಲಾಗ್ರಿಸ್ ಕೂಡ ಉಳಿಯಲಿಲ್ಲ. 1799ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ಮರಳಿದವರು ಕೈಯಲ್ಲಿ ಏನೂ ಇಲ್ಲದೆ ಬಂದವರು. ಆದರೂ 1811ರ ಹೊತ್ತಿಗೆ ಇಲ್ಲಿ ಮತ್ತೆ ದೊಡ್ಡ ಇಗರ್ಜಿ ಎದ್ದು ನಿಂತಿತು. ಅದಾಗಿ ನೂರು ವರ್ಷಕ್ಕೆ, 1911ರಲ್ಲಿ, ಅದರ ಮುಂಭಾಗ ಕುಸಿದುಬಿತ್ತು. ಹಿರಿಯರು ಎದೆಗುಂದದೆ ಪುನಃ ಕಟ್ಟಿದರು. ಇಂದು ಹಂಪನಕಟ್ಟೆಯಲ್ಲಿ ನಿಂತು ನಾವು ಕಾಣುವ ಇಗರ್ಜಿ ಹೀಗೆ ಬಿದ್ದು ಎದ್ದವರ ಕಟ್ಟಡ.

ಸೆರೆವಾಸದ ನೋವು ನಮ್ಮ ಸಮುದಾಯದ ನೆನಪಿನಿಂದ ಅಳಿಯುವಂಥದ್ದಲ್ಲ, ಅಳಿಯಬೇಕಾದ್ದೂ ಇಲ್ಲ. ಆದರೆ ನೋವಿನ ನೆನಪನ್ನು ಮಾತ್ರ ಮಕ್ಕಳಿಗೆ ದಾಟಿಸಿ ಉಪಕಾರದ ನೆನಪನ್ನು ದಾಟಿಸದೆ ಹೋದರೆ ಅದು ಅರ್ಧ ಚರಿತ್ರೆಯಾಗುತ್ತದೆ. ಅರ್ಧ ಚರಿತ್ರೆ ಸುಳ್ಳಿಗಿಂತ ಹೆಚ್ಚು ಹಾನಿ ಮಾಡಬಲ್ಲದು. ಏಕೆಂದರೆ ಅದರಲ್ಲಿ ಸತ್ಯದ ಅಂಶವಿರುವುದರಿಂದ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಈಗ ಗುಡ್ಡ ಏರೋಣ. ಗುಡ್ಡದ ಮೇಲೆ ಈದ್ಗಾ ಮಸೀದಿಯಿದೆ. ನಮ್ಮ ಹಳೆಯ ಬರಹಗಳಲ್ಲಿ ಈ ಗುಡ್ಡವನ್ನು 'ಎದ್ಯಾ' ಗುಡ್ಡವೆಂದು ಕರೆಯುತ್ತಿದ್ದರು. ಈದ್ಗಾ ಎಂಬುದೇ ನಮ್ಮವರ ಬಾಯಲ್ಲಿ ಎದ್ಯಾ ಆಯಿತು. ನಮ್ಮ ಅತಿ ಹೆಮ್ಮೆಯ ವಿದ್ಯಾಸಂಸ್ಥೆ ನಿಂತಿರುವ ಗುಡ್ಡಕ್ಕೆ ನಮ್ಮ ಹಿರಿಯರು ನಮಾಜಿನ ಜಾಗದ ಹೆಸರನ್ನೇ ಯಾವ ಸಂಕೋಚವೂ ಇಲ್ಲದೆ ಬಳಸುತ್ತಿದ್ದರು. ಹತ್ತಿರದ ಠಾಗೋರ್ ಪಾರ್ಕಿನಲ್ಲಿ ಹಳೆಯ ದೀಪಸ್ತಂಭವಿದೆ. ಹೈದರಾಲಿಯ ಕಾಲದ ಕಾವಲು ಗೋಪುರವೆಂದು ಕೆಲವರು, ಬ್ರಿಟಿಷರ ದೀಪಸ್ತಂಭವೆಂದು ಕೆಲವರು ಅದನ್ನು ಗುರುತಿಸುತ್ತಾರೆ. ಹಡಗುಗಳಿಗೆ ಅದು ದಾರಿ ತೋರಿಸುವ ಕಾಲ ಎಂದೋ ಮುಗಿಯಿತು. ರಸ್ತೆಯ ಹೆಸರಿನಲ್ಲಿ ಮಾತ್ರ ಅದರ ಬೆಳಕು ಉಳಿದುಕೊಂಡಿತು.

ಬಾವುಟಗುಡ್ಡೆ ಎಂಬ ಹೆಸರಿನ ಹಿಂದೆಯೂ ಒಂದು ತ್ಯಾಗದ ಕಥೆಯಿದೆ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ದಂಡೆತ್ತಿ ಬಂದ ರೈತರು ಕಂಪೆನಿ ಸರಕಾರದ ವಿರುದ್ಧ ಮಂಗಳೂರನ್ನು ವಶಪಡಿಸಿಕೊಂಡು ಈ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಎರಡು ವಾರದೊಳಗೆ ಕಂಪೆನಿಯ ಸೇನೆ ಊರನ್ನು ಮರಳಿ ಪಡೆಯಿತು. ಮುಖಂಡರು ನೇಣುಗಂಬ ಏರಿದರು. ಆ ಹೋರಾಟದ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಇಲ್ಲಿ ಅನಾವರಣಗೊಂಡಿತು. 1857ರ ದಂಗೆಗೂ ಇಪ್ಪತ್ತು ವರ್ಷ ಮೊದಲು ನಮ್ಮ ಜಿಲ್ಲೆಯ ಒಕ್ಕಲುಮಕ್ಕಳು ಮಾಡಿದ ಈ ಸಾಹಸವನ್ನು ನಾಡು ಬಹುಕಾಲ ಮರೆತಿತ್ತು. ಕಾಲೇಜಿನ ಮೆಟ್ಟಿಲುಗಳ ಮೇಲೆ ಕುಳಿತು ಹರಟುತ್ತಿದ್ದ ನಮಗಾದರೂ ಅದು ನೆನಪಿತ್ತೇ?

ಸಂತ ಅಲೋಶಿಯಸ್ ಕಾಲೇಜು ಹುಟ್ಟಿದ ಬಗೆ ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿದೆ. ತಮ್ಮ ಮಕ್ಕಳಿಗೆ ಉನ್ನತ ವಿದ್ಯಾಭ್ಯಾಸ ಬೇಕೆಂದು ಇಲ್ಲಿನ ಕಥೋಲಿಕರು ರೋಮಿಗೆ ಮನವಿ ಕಳುಹಿಸಿದ್ದರು. 1878ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರು ಮಂಗಳೂರನ್ನು ಯೇಸುಸಭೆಗೆ ವಹಿಸಿದರು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಯೇಸುಸಭೆಯ ಗುರುಗಳು ಇಲ್ಲಿಗೆ ಬಂದಿಳಿದರು. ಅವರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರೂ ಒಬ್ಬರು. ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ತೊಡಗಿ, ಮುಂದೆ ದೊಡ್ಡ ಆಸ್ಪತ್ರೆಯಾಗಿ ಬೆಳೆದ ಸೇವೆಗೆ ಅಡಿಪಾಯ ಹಾಕಿದವರು ಅವರೇ. ಕಾಲೇಜು ಅದೇ ವರ್ಷದ ಜನವರಿಯಲ್ಲಿ ಆರಂಭವಾಯಿತು. ಗುಡ್ಡದ ಮೇಲಿನ ನಿವೇಶನವನ್ನು ದಾನವಾಗಿ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು ಮತ್ತು ಅವರ ಮನೆಯವರು. 1885ರಲ್ಲಿ ಕಾಲೇಜು ಗುಡ್ಡದ ಮೇಲಿನ ತನ್ನ ಸ್ವಂತ ಕಟ್ಟಡಕ್ಕೆ ಬಂತು. 2024ರಲ್ಲಿ ಅದು ಪರಿಗಣಿತ ವಿಶ್ವವಿದ್ಯಾನಿಲಯದ ಸ್ಥಾನ ಪಡೆಯಿತು.

ಒಂದು ಮನವಿ, ಒಂದು ದಾನ, ಪರದೇಶದಿಂದ ಬಂದ ಕೆಲವು ಗುರುಗಳ ಶ್ರಮ, ಇವು ಮೂರು ಸೇರಿ ಇಷ್ಟಾಯಿತು. ಆದರೆ ಅಲ್ಲಿ ಕಲಿತವರು ಯಾರು? ಹಿಂದೂ, ಮುಸ್ಲಿಂ, ಜೈನ, ಕ್ರೈಸ್ತ ಎನ್ನದೆ ಜಿಲ್ಲೆಯ ಎಲ್ಲ ಮನೆಗಳ ಮಕ್ಕಳು. ತಮ್ಮ ಮಕ್ಕಳನ್ನು ಪಾದ್ರಿಗಳ ಕೈಗೆ ನಂಬಿ ಒಪ್ಪಿಸಿದ ಆ ತಂದೆತಾಯಂದಿರ ವಿಶ್ವಾಸವೂ ಒಂದು ದಾನವೇ. ಆ ವಿಶ್ವಾಸವಿಲ್ಲದಿದ್ದರೆ ಕಟ್ಟಡವಿರುತ್ತಿತ್ತು, ಕಾಲೇಜು ಇರುತ್ತಿರಲಿಲ್ಲ.

ಕಾಲೇಜಿನ ಪಕ್ಕದ ಚಾಪೆಲ್ ನೋಡಲು ಪರಊರುಗಳಿಂದ ಜನ ಬರುತ್ತಾರೆ. ಇಟಲಿಯ ಬೆರ್ಗಾಮೊ ಬಳಿಯ ಸ್ತೆತ್ಸಾನೊ ಎಂಬ ಊರಿನವರಾದ ಬ್ರದರ್ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ಅದರ ಗೋಡೆ, ಮೇಲ್ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಕೆಲವನ್ನು ಸುಣ್ಣದ ಹಸಿ ಗಾರೆಯ ಮೇಲೆ, ಗಾರೆ ಒಣಗುವ ಮೊದಲೇ ಬರೆಯಬೇಕಾಗಿತ್ತು. ಕೆಲವನ್ನು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದರು. ರಾಜಕುಮಾರನ ಹಕ್ಕನ್ನು ಬಿಟ್ಟುಕೊಟ್ಟು, ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಆರೈಕೆ ಮಾಡುತ್ತ 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೆ ಪ್ರಾಣಬಿಟ್ಟ ಸಂತ ಅಲೋಶಿಯಸ್ ಗೊನ್ಜಾಗರ ಜೀವನದ ದೃಶ್ಯಗಳು ಅಲ್ಲಿವೆ. ಮೊಸ್ಕೇನಿಯವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮರಳಿ ತಮ್ಮ ಊರನ್ನು ಅವರು ನೋಡಲಿಲ್ಲ.

ಕರಾವಳಿಯ ಮಳೆ ಮತ್ತು ತೇವದ ಗಾಳಿ ಚಿತ್ರಗಳಿಗೆ ಶತ್ರುಗಳು. ತೊಂಬತ್ತು ವರ್ಷಗಳಲ್ಲಿ ಬಣ್ಣ ಮಾಸಿತು. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ತಜ್ಞರು ಅವುಗಳನ್ನು ಸಂರಕ್ಷಿಸುವ ಕಾರ್ಯ ಕೈಗೊಂಡರು. ಬರೆಯಲು ಹಿಡಿದದ್ದು ಎರಡು ವರ್ಷ, ಉಳಿಸಲು ಹಿಡಿದದ್ದು ಮೂರು ವರ್ಷ ಎಂಬುದನ್ನು ಗಮನಿಸಬೇಕು. ಕಟ್ಟುವವರಿಗೆ ಹೆಸರು ಬರುತ್ತದೆ. ಕಾಯುವವರಿಗೆ ಹೆಸರು ಬರುವುದಿಲ್ಲ. ಆದರೆ ಕಾಯುವವರಿಲ್ಲದೆ ಕಟ್ಟಿದ್ದು ಉಳಿಯುವುದಿಲ್ಲ.

ಹೆಸರು ಬರೆಯದೆ ಹೋದವರು ಇನ್ನೂ ಅನೇಕರಿದ್ದಾರೆ. ಈ ಊರಿನ ಹಳೆಯ ಕಟ್ಟಡಗಳ ಗೋಡೆಗಳಿಗೆ ಮುರಕಲ್ಲು ಕಡಿದವರು, ಸುಣ್ಣ ಅರೆದವರು, ಮರ ಕೊಯ್ದವರು ಯಾವ ಜಾತಿ, ಯಾವ ಧರ್ಮದವರೆಂದು ಗೋಡೆ ಹೇಳುವುದಿಲ್ಲ. ಮಾಡಿಗೆ ಹೊದಿಸಿದ ಮಂಗಳೂರು ಹಂಚಿನ ಉದ್ಯಮವನ್ನು 1865ರಲ್ಲಿ ಇಲ್ಲಿ ಆರಂಭಿಸಿದವರು ಪ್ರೊಟೆಸ್ಟೆಂಟ್ ಪಂಥದ ಬಾಸೆಲ್ ಮಿಶನ್ನಿನವರು. ಕ್ರೈಸ್ತರೊಳಗೇ ಆ ಕಾಲದಲ್ಲಿ ಪಂಥಗಳ ನಡುವೆ ಪೈಪೋಟಿ ಇತ್ತು. ಆದರೆ ಮಳೆಗಾಲದಲ್ಲಿ ಕಥೋಲಿಕರ ಮನೆಗಳನ್ನೂ ಆ ಹಂಚುಗಳೇ ಕಾದವು. 1868ರಲ್ಲಿ ಸರಕಾರಿ ಕಾಲೇಜಾಗಿ ಆರಂಭವಾದ ಸಂಸ್ಥೆ ಹಂಪನಕಟ್ಟೆಯಲ್ಲಿದೆ. ಗುಡ್ಡದ ರಸ್ತೆಯಲ್ಲಿ ಡಾ. ಟಿ.ಎಂ.ಎ. ಪೈಯವರ ದೂರದೃಷ್ಟಿಯಿಂದ 1955ರಲ್ಲಿ ಬಂದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಇದೆ. ಕ್ರೈಸ್ತರ ಕಾಲೇಜು, ಸರಕಾರದ ಕಾಲೇಜು, ಪೈಗಳ ಕಾಲೇಜು, ಇವುಗಳಲ್ಲಿ ಮಕ್ಕಳನ್ನು ಓದಿಸದ ಮನೆ ಮಂಗಳೂರಿನಲ್ಲಿ ಅಪರೂಪ.

ಹೀಗಿರುವಾಗ 2017ರಲ್ಲಿ ಈ ರಸ್ತೆಯ ಹೆಸರಿನ ಬಗ್ಗೆಯೇ ಊರಿನಲ್ಲಿ ಬಿಸಿ ಚರ್ಚೆ ನಡೆಯಿತು. ವಿಜಯಾ ಬ್ಯಾಂಕನ್ನು ಬೆಳೆಸಿದ ಮೂಲ್ಕಿ ಸುಂದರರಾಮ ಶೆಟ್ಟಿಯವರ ಹೆಸರಿಡಬೇಕೆಂದು ಕೆಲವರು, ಹಳೆಯ ಹೆಸರೇ ಇರಲಿ ಎಂದು ಕೆಲವರು ವಾದಿಸಿದರು. ಆ ವಾದದ ಒಳಹೊರಗನ್ನು ಇಲ್ಲಿ ಮತ್ತೆ ಕೆದಕುವುದು ನಮ್ಮ ಉದ್ದೇಶವಲ್ಲ. ಒಂದು ಮಾತನ್ನು ಮಾತ್ರ ಹೇಳಬಯಸುತ್ತೇವೆ. ಹಳೆಯ ಹೆಸರನ್ನು ಉಳಿಸಬೇಕೆಂದು ಕೇಳುವವರಿಗೆ ಆ ಹೆಸರಿನ ಚರಿತ್ರೆ ತಿಳಿದಿರಬೇಕು. ಹಾಗೆಯೇ, ಇನ್ನೊಬ್ಬ ಹಿರಿಯರನ್ನು ಗೌರವಿಸಲು ಬಯಸುವವರ ಭಾವನೆಯೂ ಅರ್ಥವಾಗಬೇಕು. ಇದೇ ಜಿಲ್ಲೆಯಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಗಿ ಹೆಸರನ್ನೇ ಕಳೆದುಕೊಂಡಿತು. ಅದರಲ್ಲಿ ಕೆಲಸ ಮಾಡಿ ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮಲ್ಲೂ ಇವೆ. ಹೆಸರು ಅಳಿಯುವ ನೋವು ಒಬ್ಬರಿಗೆ ಮಾತ್ರ ಸೀಮಿತವಲ್ಲ. ಫಲಕ ಯಾವುದೇ ಇರಲಿ, ಅದರ ಹಿಂದಿನ ಕಥೆಯನ್ನು ಬಲ್ಲವರು ಇಲ್ಲವಾದರೆ ಅದು ತಗಡಿನ ತುಂಡು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಇಗರ್ಜಿ ಮತ್ತು ಕಾಲೇಜುಗಳನ್ನು ಗುರುಗಳು ಕಾಯುತ್ತಾರೆಂಬ ಭರವಸೆಯಲ್ಲಿ ನಾವು ನಿಶ್ಚಿಂತರಾಗಿದ್ದೇವೆ. ನಮ್ಮ ಕೈಯಲ್ಲೇ ಇದ್ದದ್ದನ್ನು ಏನು ಮಾಡಿದೆವು? ಹಂಪನಕಟ್ಟೆ, ಬಲ್ಮಠ, ಫಳ್ನೀರು, ಕಂಕನಾಡಿಯ ಸುತ್ತಮುತ್ತ ಹಂಚಿನ ಮಾಡಿನ, ಉದ್ದ ಜಗಲಿಯ, ಹಿತ್ತಿಲಲ್ಲಿ ಮಾವು ಹಲಸುಗಳಿದ್ದ ಎಷ್ಟು ಮನೆಗಳು ಇಂದು ಉಳಿದಿವೆ? ಅವುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಇದಕ್ಕೆ ಯಾರನ್ನೂ ದೂಷಿಸಲಾಗದು. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ, ಕೆನಡಾದಲ್ಲಿ ನೆಲೆಸಿದ್ದಾರೆ. ವಯಸ್ಸಾದ ತಂದೆತಾಯಿಗೆ ಸೋರುವ ಮಾಡನ್ನು ವರ್ಷವರ್ಷ ಕೈಯಾಡಿಸಲು ಶಕ್ತಿಯಿಲ್ಲ. ಹಂಚು ಇಳಿಸಿ ಏರಿಸಬಲ್ಲ ಕೆಲಸದವರು ಸಿಗುವುದಿಲ್ಲ. ಆಸ್ತಿ ಪಾಲಾಗಬೇಕು. ಇವೆಲ್ಲ ನಿಜವಾದ ಕಷ್ಟಗಳು. ಹಳೆಯ ಮನೆಯನ್ನು ಮಾರಬೇಡಿ ಎಂದು ಹೊರಗೆ ನಿಂತು ಉಪದೇಶಿಸುವುದು ಸುಲಭ.

ಆದರೆ ಮನೆಯನ್ನು ಮಾರುವುದು ಬೇರೆ, ಮನೆಯ ನೆನಪನ್ನು ಎಸೆಯುವುದು ಬೇರೆ. ನಮಗೆ ತಿಳಿದ ಒಂದು ಕುಟುಂಬದಲ್ಲಿ ಮನೆ ಖಾಲಿ ಮಾಡುವ ಅವಸರದಲ್ಲಿ ಅಜ್ಜನ ಮರದ ಪೆಟ್ಟಿಗೆಯನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದರು. ಅದರಲ್ಲಿ ಮುಳಿಗೇಣಿಯ ಹಳೆಯ ಕಾಗದಗಳು, ರೋಮನ್ ಲಿಪಿಯಲ್ಲಿ ಬರೆದ ಕೊಂಕಣಿ ಪ್ರಾರ್ಥನೆಗಳು, ಮದುವೆಯ ಖರ್ಚಿನ ಲೆಕ್ಕದ ಪುಸ್ತಕ ಇದ್ದವು. ವಾರದ ಬಳಿಕ ಹಿರಿಯ ಮಗ ವಿದೇಶದಿಂದ ಬಂದು, "ಆ ಲೆಕ್ಕದ ಪುಸ್ತಕದಲ್ಲಿ ಅಜ್ಜನ ಕೈಬರಹ ಇತ್ತಲ್ಲವೇ?" ಎಂದು ಕೇಳಿದಾಗ ಯಾರಲ್ಲೂ ಉತ್ತರವಿರಲಿಲ್ಲ. ಆ ಪುಸ್ತಕದಲ್ಲಿ ಅಡುಗೆಗೆ ಪಾತ್ರೆ ಕೊಟ್ಟ ನೆರೆಮನೆಯ ಶೆಟ್ಟರ ಹೆಸರು, ಮೀನು ತಂದುಕೊಟ್ಟ ಬ್ಯಾರಿಗಳ ಹೆಸರು, ಚಪ್ಪರ ಹಾಕಿದವರ ಹೆಸರು ಎಲ್ಲ ಬರೆದಿತ್ತಂತೆ. ಒಂದು ಬೀದಿಯ ಬಾಳ್ವೆಯೇ ಅಂದು ಕಿಲೋ ಲೆಕ್ಕದಲ್ಲಿ ಹೋಯಿತು.

ಆದ್ದರಿಂದ ಓದುಗ ಬಾಂಧವರ ಮುಂದೆ ನಾವು ಕೆಲವು ಸಣ್ಣ ಸಲಹೆಗಳನ್ನು ಇಡಬಯಸುತ್ತೇವೆ. ಹಳೆಯ ಮನೆಯನ್ನು ಕೆಡಹುವ ಮೊದಲು ಅದರ ಫೋಟೋ ತೆಗೆಸಿ, ಅಲ್ಲಿ ಬಾಳಿದವರ ಹೆಸರುಗಳನ್ನು ಒಂದು ಹಾಳೆಯಲ್ಲಾದರೂ ಬರೆದಿಡಿ. ಹಳೆಯ ಕಾಗದಗಳನ್ನು ಎಸೆಯುವ ಮುನ್ನ ಓದಬಲ್ಲ ಹಿರಿಯರಿಗೆ ತೋರಿಸಿ. ಪ್ರತಿ ವಾರ್ಡಿನ ಗುರ್ಕಾರರು ತಮ್ಮ ವ್ಯಾಪ್ತಿಯ ಹಿರಿಯರ ಬಳಿ ಕುಳಿತು ಅವರ ನೆನಪುಗಳನ್ನು ದಾಖಲಿಸಿದರೆ, ಧರ್ಮಕೇಂದ್ರದ ಕಚೇರಿಯಲ್ಲಿ ಅದಕ್ಕೊಂದು ಕಪಾಟು ಮೀಸಲಿಟ್ಟರೆ, ಹೆಚ್ಚಿನ ಖರ್ಚಿಲ್ಲದೆ ದೊಡ್ಡ ಕೆಲಸವಾಗುತ್ತದೆ. ಸಿಮೆತ್ರಿಯ ಹಳೆಯ ಕಲ್ಲುಗಳ ಬರಹ ಮಳೆಗೆ ಸವೆದು ಹೋಗುವ ಮುನ್ನ ಯುವಕ ಯುವತಿಯರು ಅದನ್ನು ಬರೆದುಕೊಳ್ಳಬಹುದು. ಧರ್ಮೋಪದೇಶದ ಮಕ್ಕಳನ್ನು ವರ್ಷಕ್ಕೊಮ್ಮೆ ಈ ರಸ್ತೆಯಲ್ಲಿ ನಡೆಸಿಕೊಂಡು ಹೋಗಿ, ಅಪ್ಪಣ್ಣನ ಬಾವಿಯಿಂದ ದೀಪಸ್ತಂಭದವರೆಗೆ ಕಥೆ ಹೇಳಬಹುದು.

ಹಾಗೆ ಹೇಳುವಾಗ ಒಂದು ನಿಯಮ ಪಾಲಿಸೋಣ. ನಮ್ಮವರು ಕಟ್ಟಿದ್ದನ್ನು ಒಮ್ಮೆ ಹೇಳಿದರೆ, ನಮಗೆ ಕೊಟ್ಟವರನ್ನೂ ಒಮ್ಮೆ ಹೇಳೋಣ. ನೆರೆಹೊರೆಯವರ ನಡುವೆ ಅನುಮಾನದ ಮಾತುಗಳೇ ಹೆಚ್ಚುತ್ತಿರುವ ಈ ದಿನಗಳಲ್ಲಿ ಅದು ದೊಡ್ಡ ಭಾಷಣಗಳಿಗಿಂತ ಹೆಚ್ಚು ಫಲ ಕೊಟ್ಟೀತು. ತಾನು ಪ್ರಾರ್ಥಿಸುವ ಇಗರ್ಜಿಯ ನೆಲ ಕೆಳದಿಯ ರಾಣಿಯ ಕೊಡುಗೆಯೆಂದು ತಿಳಿದ ಮಗು, ನೆರೆಮನೆಯ ಮಗುವನ್ನು ಹೊರಗಿನವನೆಂದು ಕಾಣಲಾರದು. ತಾನು ಕಲಿತ ಕಾಲೇಜಿನ ನಿವೇಶನ ಲೋಬೊ ಪ್ರಭುಗಳ ದಾನವೆಂದು ತಿಳಿದ ನೆರೆಮನೆಯ ಮಗುವೂ ನಮ್ಮನ್ನು ಹೊರಗಿನವರೆಂದು ಕಾಣಲಾರದು.

ಬರುವ ನವೆಂಬರ್ 2ರಂದು ಸಿಮೆತ್ರಿಗೆ ಹೋದಾಗ ನಮ್ಮ ಮನೆಯವರ ಸಮಾಧಿಗೆ ಬತ್ತಿ ಹಚ್ಚಿದ ಮೇಲೆ, ಬಿಷಪ್ ದೆ ಕಾಸ್ತ್ರೊ ಅವರ ಸಮಾಧಿಯ ಬಳಿಗೂ ಹೋಗೋಣ. ಅಲ್ಲಿ ನಿಂತು ಅವರಿಗಾಗಿ, ಅವರಿಗೆ ನೆಲ ಕೊಟ್ಟ ರಾಣಿಗಾಗಿ, ಈ ಬೀದಿಯ ಹೆಸರಿಲ್ಲದ ಕೆಲಸಗಾರರೆಲ್ಲರಿಗಾಗಿ ಒಂದು ಪರಲೋಕಮಂತ್ರ ಜಪಿಸೋಣ. ಋಣ ತೀರಿಸುವ ಶಕ್ತಿ ನಮಗಿಲ್ಲದಿರಬಹುದು. ಋಣವಿದೆ ಎಂದು ಒಪ್ಪಿಕೊಳ್ಳುವಷ್ಟು ಸೌಜನ್ಯವಾದರೂ ನಮ್ಮಲ್ಲಿ ಉಳಿಯಲಿ.